ವಾಡೆಯೊಳಗಿನ ಪೆಟ್ಟಿಗೆ

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಉಳಿದ ಊರುಗಳೆಲ್ಲ ತಾವು ಪಾರಾದೆವು ಅಂತ ಟಾವೆಲ್ಲು ಕೊಡವಿಕೊಂಡು ಎದ್ದುಹೋಗುತ್ತವೆ. ಮುದ್ದೇಬಿಹಾಳದಿಂದ ತಂಗಡಗಿಯ ಕಡೆ ಹೋಗುವಾಗ ಎಡಕ್ಕೋ ಬಲಕ್ಕೋ ಹೊರಳಿದರೆ ಸಿಗುವ ಊರು ಅಂತ ಇಟ್ಟುಕೊಳ್ಳಿ. ಅಲ್ಲಿ ಚನ್ನಬಸಯ್ಯನವರ ವಾಡೆ, ಅಂದರೆ ಊರಿನ ದೊಡ್ಡ ಮನೆ. ಅದರ ಪಡಸಾಲೆಗೆ ಹತ್ತಿದ ಸಣ್ಣ ಕೋಣೆಯ ಗೋಡೆಗೆ ಒಂದು ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಹಸಿರು ದೀಪ ಮಿಣುಕಿಸುವ ನೆಟ್‌ವರ್ಕ್ ಸ್ವಿಚ್ಚು. ಪಂಚಾಯಿತಿಯ ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವತನಕ ಇಲ್ಲಿರಲಿ ಅಂತ ತಂದಿಟ್ಟದ್ದು. ಹೊಸ ಕಟ್ಟಡ ಪಾಯ ಬಿಟ್ಟು ಮೇಲೆದ್ದಿಲ್ಲ, ಪೆಟ್ಟಿಗೆ ವಾಡೆಯಲ್ಲೇ ಉಳಿದಿದೆ.

ಮುದ್ದೇಬಿಹಾಳದಿಂದ ಒಂದು ಫೈಬರ್ ವೈರು ಆ ಪೆಟ್ಟಿಗೆಗೆ ಬರುತ್ತದೆ, ಇನ್ನೊಂದು ಅಲ್ಲಿಂದ ಹೊರಟು ಮುಂದಿನ ಹಳ್ಳಿಗಳಿಗೆ ಹೋಗುತ್ತದೆ. ಫೈಬರ್ ಅಂದರೆ ಹಳದಿ ವೈರಿನ ಹೊಟ್ಟೆಯಲ್ಲಿರುವ ಕೂದಲೆಳೆಯಷ್ಟು ಗಾಜು. ಆ ಗಾಜಿನೊಳಗೆ ಬೆಳಕು ಓಡುತ್ತದೆ. ರೇಷನ್ ಅಂಗಡಿಯ ಹೆಬ್ಬೆಟ್ಟು, ಶಾಲೆಯ ಹಾಜರಿ, ಮೈಬೂಬನ ಆನ್‌ಲೈನ್ ಅಂಗಡಿಯಲ್ಲಿ ಪಹಣಿಗಾಗಿ ಕಾದವರ ಕೆಲಸ ಎಲ್ಲವೂ ಆ ಬೆಳಕನ್ನೇ ನಂಬಿಕೊಂಡಿವೆ. ವಾಡೆಯಲ್ಲಿ ಬೆಳಕು ತಡವರಿಸಿದರೆ ಮುಂದಿನ ಊರುಗಳಲ್ಲಿ ಜನ ಬಿಸಿಲಲ್ಲಿ ನಿಲ್ಲುತ್ತಾರೆ.

ಅದು ತಡವರಿಸುತ್ತಿತ್ತು. ಪೂರ್ತಿ ಸತ್ತಿದ್ದರೆ ಚಿಂತೆಯಿರಲಿಲ್ಲ, ಎಲ್ಲಿ ಕಡಿದಿದೆ ಅಂತ ಹುಡುಕಿ ಜೋಡಿಸಬಹುದಿತ್ತು. ಇದು ಹೋಗುತ್ತಿತ್ತು, ತಾನೇ ಬರುತ್ತಿತ್ತು, ಬಂತೆಂದು ನಿಟ್ಟುಸಿರು ಬಿಡುವಷ್ಟರಲ್ಲಿ ಮತ್ತೆ ಹೋಗುತ್ತಿತ್ತು. ಹೋದಾಗಲೆಲ್ಲ ಮೈಬೂಬ ಲೈನು ನೋಡಿಕೊಳ್ಳುವ ಪ್ರಜ್ಞಾಳಿಗೆ ಫೋನು ಮಾಡುತ್ತಿದ್ದ.

ಪ್ರಜ್ಞಾ ಸಿಂದಗಿಯವಳು. ಎಲೆಕ್ಟ್ರಾನಿಕ್ಸ್‌ನಲ್ಲಿ ಡಿಪ್ಲೊಮಾ ಮಾಡಿ, ಈ ಲೈನುಗಳನ್ನು ನೋಡಿಕೊಳ್ಳುವ ಗುತ್ತಿಗೆ ಕಂಪನಿಗೆ ಸೇರಿದ್ದಳು. ಇಂಡಿ ತಾಲೂಕಿನ ನಿಂಬೆ ತೋಟದ ಬದುವಿನಲ್ಲಿ ಇಲಿ ಕಡಿದ ಲೈನು, ಬಸವನ ಬಾಗೇವಾಡಿಯಲ್ಲಿ ಪಾರಿವಾಳ ಮರಿ ಹಾಕಿದ್ದ ಪೆಟ್ಟಿಗೆ, ಜೆಸಿಬಿ ಕಿತ್ತೊಗೆದ ಕೇಬಲ್ಲು, ಏನೇ ಇರಲಿ, ಅವಳು ಹೋದರೆ ಅರ್ಧ ದಿನದಲ್ಲಿ ದೀಪ ಹಸಿರಾಗುತ್ತಿತ್ತು. ತಾನು ಜಾಣೆ ಅಂತ ಅವಳಿಗೆ ಗೊತ್ತಿತ್ತು, ಅದನ್ನು ಮುಚ್ಚಿಡುವ ಸ್ವಭಾವವೂ ಅವಳದಲ್ಲ. ಮುದ್ದೇಬಿಹಾಳ ತಾಲೂಕಿನ ಉಸ್ತುವಾರಿ ತನಗೇ ಕೊಡಬೇಕು ಅಂತ ಮ್ಯಾನೇಜರ್ ಸಿದ್ದಾರೂಢನಿಗೆ ಬಾಯಿಬಿಟ್ಟೇ ಕೇಳಿದ್ದಳು. ಕೊಡುತ್ತೇನೆ ಅಂದಿದ್ದ ಅವನು ವಾಡೆಯ ಲಿಂಕು ಕೈಕೊಡತೊಡಗಿದ ಮೇಲೆ ಮಾತು ಬದಲಿಸಿದ. ಇದೊಂದನ್ನು ಸರಿಮಾಡಲಾಗದಿದ್ದರೆ ತಾಲೂಕು ಖಂಡೆಪ್ಪನಿಗೆ ಹೋಗುತ್ತದೆ, ನೀನು ವಿಜಯಪುರದ ಆಫೀಸಿನಲ್ಲಿ ಕೂತು ಜನರ ಫೋನು ಎತ್ತಬೇಕಾಗುತ್ತದೆ ಎಂದ. ಕಂಬ ಹತ್ತಿ, ಕೆಸರು ತುಳಿದು ಕಲಿತ ಕೆಲಸ ಬಿಟ್ಟು ಕುರ್ಚಿಗೆ ಅಂಟಿಕೊಳ್ಳುವುದು ಅವಳಿಗೆ ಶಿಕ್ಷೆಯೇ ಆಗಿತ್ತು.

ಮೊದಲ ಸಲ ವಾಡೆಗೆ ಹೋದಾಗ ಚನ್ನಬಸಯ್ಯನವರ ಹೆಂಡತಿ ಇಂದುಬಾಯಿ ಶೇಂಗಾ ಉಂಡಿ ಕೊಟ್ಟು, ಚಹಾ ಕೊಟ್ಟು, ಎದುರಿಗೇ ಕುಳಿತು ಯಾರ ಪೈಕಿ ಅಂತ ಕೇಳಿದ್ದರು. ಪ್ರಜ್ಞಾ ಕಣ್ಣು ಕೆಳಗಿಳಿಸದೆ ನಾವು ಬೌದ್ಧರು ಅಂದಿದ್ದಳು. ಜಾತಿ ಕೇಳಿದವರಿಗೆ ಹಾಗೇ ಹೇಳಬೇಕು ಅಂತ ಕೇರಿಯ ಮನೆಯಲ್ಲಿ ಅವಳಿಗೆ ಕಲಿಸಿದ್ದರು. ಇರಲಿ ಬಿಡವ್ವ, ಈಗೆಲ್ಲ ಅದನ್ನು ಯಾರು ಕೇಳುತ್ತಾರೆ ಅಂದರು ಇಂದುಬಾಯಿ. ಆ ಕ್ಷಣಕ್ಕೆ ಮುಂಚೆ ಕೇಳಿದವರು ಅವರೇ ಎನ್ನುವುದು ಅವರಿಗೆ ನೆನಪಿದ್ದಂತಿರಲಿಲ್ಲ.

ಆಮೇಲೆ ಇಂದುಬಾಯಿ ಅವಳ ಕೆಲಸವನ್ನು ಕಣ್ಣು ಕೀಲಿಸಿ ನೋಡಿದ್ದರು. ಆ ಹಳದಿ ವೈರು ಹೇಗೆ ಬಿಚ್ಚುತ್ತೀ ಅಂತ ಕೇಳಿದ್ದರು. ಪ್ರಜ್ಞಾ ಖುಷಿಯಾಗಿ, ತುದಿಯ ಸಣ್ಣ ನಾಲಗೆಯನ್ನು ಒತ್ತಿ ಎಳೆಯುವುದು, ಮತ್ತೆ ಟಕ್ಕೆಂದು ಕೂರಿಸುವುದು, ಎರಡನ್ನೂ ತೋರಿಸಿದ್ದಳು. ಸಾಲಿಗೆ ಕಳಿಸಿದ್ದರೆ ನಾನೂ ಇದನ್ನು ಮಾಡುತ್ತಿದ್ದೆನೋ ಏನೋ ಅಂತ ಇಂದುಬಾಯಿ ನಕ್ಕಾಗ ಪ್ರಜ್ಞಾಳಿಗೆ ಆ ಹೆಂಗಸಿನ ಮೇಲೆ ಅಕ್ಕರೆ ಹುಟ್ಟಿತ್ತು.

ಇನ್ನು ಅವಳು ಪಟ್ಟ ಪಾಡು. ಮೊದಲು ವೈರಿನ ತುದಿಗಳನ್ನು ಒರೆಸಿ ಶುಚಿ ಮಾಡಿದಳು. ಬೆಳಕು ಖಡಕ್ಕಾಗಿ ಬಂತು. ಅವಳು ಹೋಗಿಬಂದ ಒಂದೆರಡು ದಿನಕ್ಕೇ ಮೈಬೂಬನ ಫೋನು. ಹೋಗಿ ವೈರನ್ನೇ ಬದಲಿಸಿದಳು, ಸರಿಯಾಯಿತು, ಮತ್ತೆ ಕೆಟ್ಟಿತು. ಬೆಳಕು ಹುಟ್ಟಿಸುವ ಬಿಲ್ಲೆ ಬದಲಿಸಿದಳು, ಕಡೆಗೆ ಸ್ವಿಚ್ಚನ್ನೇ ಬದಲಿಸಿದಳು. ಬೆಳಕು ಬಿಟ್ಟು ದಾರಿ ಅಳೆಯುವ ಯಂತ್ರ ಹಚ್ಚಿ ಮುದ್ದೇಬಿಹಾಳದಿಂದ ಕಡೆಯ ಹಳ್ಳಿಯತನಕ ಅಳೆದಳು. ದಾರಿಯಲ್ಲಿ ಎಲ್ಲೂ ಒಂದು ಸಣ್ಣ ಸುಕ್ಕೂ ಇರಲಿಲ್ಲ. ತುದಿಗೆ ಭೂತಗನ್ನಡಿ ಹಿಡಿದು ನೋಡಿದರೆ ಗಾಜಿನ ಮುಖದ ಮೇಲೆ ಪ್ರತಿಸಲವೂ ಒಣಗಿದ ಹಳದಿ ಪೊರೆ. ಹಲ್ಲಿ ಉಚ್ಚೆ ಹೊಯ್ದಿರಬೇಕು ಅಂತ ಪೆಟ್ಟಿಗೆಯ ತೂತುಗಳಿಗೆ ಜಾಳಿಗೆ ಬಡಿದಳು. ಲೋಬಾನದ ಹೊಗೆ ಅಂತ ಅನುಮಾನಪಟ್ಟು, ದೇವರಕೋಣೆಯ ಕಡೆಯ ಸಂದು ಮುಚ್ಚಿದಳು. ಪೊರೆ ಮಾತ್ರ ತಪ್ಪಲಿಲ್ಲ.

ಈ ನಡುವೆ ಅವಳು ತರಬೇತಿಗೆಂದು ವಿಜಯಪುರಕ್ಕೆ ಹೋಗಿದ್ದಾಗ ಖಂಡೆಪ್ಪ ವಾಡೆಗೆ ಹೋಗಿಬಂದ. ಅವನೂ ಅದೇ ಬಟ್ಟೆಯಿಂದ ಅದೇ ತುದಿಗಳನ್ನು ಒರೆಸಿದ್ದ, ಬೇರೇನೂ ಮಾಡಿರಲಿಲ್ಲ. ಲಿಂಕು ತಿಂಗಳು ದಾಟಿದರೂ ಅಲುಗಾಡಲಿಲ್ಲ. ಸಿದ್ದಾರೂಢ ಎಲ್ಲರೆದುರು, ಚಹಾ ಕುಡಿಯುತ್ತ, ನಗುನಗುತ್ತಲೇ ಅಂದ.

"ಬೇಜಾರ ಮಾಡ್ಕೋಬ್ಯಾಡ ಪ್ರಜ್ಞಾ. ಕೈಗುಣ ಅಂತ ಒಂದ ಇರ್ತದ. ಅವಂದು ಚೊಲೋ ಐತಿ, ನಿಂದು ಆ ಲೈನಿಗಿ ಕೂಡಿ ಬರವಲ್ದು."

ನಗುವ ಮಾತಿನಲ್ಲಿ ಇಂಥ ವಿಷ ಇರುತ್ತದೆ. ತನ್ನ ಕೆಲಸದ ಬಗ್ಗೆ ಯಾರು ಏನಂದರೂ ತಿರುಗಿ ಕೊಡುತ್ತಿದ್ದವಳು ಅವತ್ತು ಚೀಲ ಎತ್ತಿಕೊಂಡು ಹೊರನಡೆದಳು. ಆಮೇಲೆ ತಪಾಸಣೆಗೆ ಹೋಗಿ ಅವಳು ಮುಟ್ಟಿದ್ದೇ ಲಿಂಕು ಮತ್ತೆ ಕೆಟ್ಟಾಗ ತನ್ನ ಕೈಯನ್ನು ತಾನೇ ಅನುಮಾನಿಸತೊಡಗಿದಳು. ಬೆವರು ಹೆಚ್ಚೇನೋ, ತಲೆಗೆ ಹಚ್ಚಿದ ಎಣ್ಣೆ ಬೆರಳಿಗೆ ಬರುತ್ತದೇನೋ ಅಂತ ವೈರು ಮುಟ್ಟುವ ಮುಂಚೆ ಸೋಪು ಹಚ್ಚಿ ತಿಕ್ಕಿ ತಿಕ್ಕಿ ತೊಳೆದುಕೊಳ್ಳುತ್ತಿದ್ದಳು. ಅದನ್ನು ನೆನೆದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ. ಆ ವಾಡೆಯಲ್ಲಿ ತೊಳೆದುಕೊಳ್ಳಬೇಕಾದವಳು ಅವಳೇ ಅಂತ ಅವಳಿಗೇ ಅನ್ನಿಸುವಂತೆ ಮಾಡಿದ್ದರು.

ಆದರೆ ಅವಳು ಕಲಿತ ವಿದ್ಯೆ ಒಂದಿತ್ತು. ಬಿಟ್ಟು ಬಿಟ್ಟು ಬರುವ ರೋಗಕ್ಕೆ ಮದ್ದು ಹುಡುಕುವಾಗ ಎಲ್ಲವನ್ನೂ ಹಾಗೇ ಇಟ್ಟು, ಒಂದೇ ಒಂದನ್ನು ಬದಲಿಸಿ ನೋಡಬೇಕು. ಬದಲಿಸಲು ಇನ್ನು ಉಳಿದಿದ್ದು ಅವಳೊಬ್ಬಳೇ. ಖಂಡೆಪ್ಪನನ್ನು ಜೊತೆಗೆ ಕರೆದುಕೊಂಡು ವಾಡೆಗೆ ಹೋದಳು. ಇಂದುಬಾಯಿ ಹೊಸ್ತಿಲ ಬಳಿ ಜೋಳ ಹಸನು ಮಾಡುತ್ತ ಕೂತಿದ್ದರು. ಒಳಬರುವ ವೈರನ್ನು ಖಂಡೆಪ್ಪ ಒರೆಸಿದ, ಮುಂದೆ ಹೋಗುವ ವೈರನ್ನು ಇವಳು ಒರೆಸಿದಳು. ಎರಡು ದಿನ ಕಳೆಯುವಷ್ಟರಲ್ಲಿ ಮುಂದಿನ ಹಳ್ಳಿಗಳು ಕತ್ತಲಾದವು, ವಾಡೆಯ ನೆಟ್ಟು ಮಾತ್ರ ಚೆನ್ನಾಗಿ ನಡೆಯುತ್ತಿತ್ತು.

ಮುಂದಿನ ಸಲ ಎರಡನ್ನೂ ಖಂಡೆಪ್ಪ ಮಾಡಿದ, ಇವಳು ಕೈಕಟ್ಟಿ ನಿಂತಳು. ಎರಡೂ ಕೆಡದೆ ಉಳಿದವು. ಅದರ ಮುಂದಿನ ಸಲ ಖಂಡೆಪ್ಪನಿಗೆ ತಂದಿದ್ದ ಹೊಸ ಕೈಗವಸನ್ನು ತಾನು ಹಾಕಿಕೊಂಡು, ಮುಂದೆ ಹೋಗುವ ವೈರನ್ನಷ್ಟೇ ಮುಟ್ಟಿದಳು. ಅದೊಂದೇ ಕೆಟ್ಟಿತು. ಕೈಗವಸು ಹಾಕಿದ ಮೇಲೆ ಬೆವರಿಲ್ಲ, ಎಣ್ಣೆಯಿಲ್ಲ. ರಬ್ಬರಿಗೆ ಎಲ್ಲಿಯ ಕೈಗುಣ?

ಮೈಬೂಬನ ಫೋನು ಬಂದಾಗ ಅವಳು ಸ್ಕೂಟಿ ಮೇಲೆ ಕಾಲುವೆ ರಸ್ತೆಯಲ್ಲಿದ್ದಳು. ಗಾಡಿ ನಿಲ್ಲಿಸಿದಳು. ಖಂಡೆಪ್ಪ ಮುಟ್ಟಿದರೆ ಚೆನ್ನಾಗಿ ನಡೆಯುತ್ತದೆ, ತಾನು ಮುಟ್ಟಿದರೆ ಕೆಡುತ್ತದೆ, ಕೈಗವಸು ಹಾಕಿ ಮುಟ್ಟಿದರೂ ಕೆಡುತ್ತದೆ. ಮುಟ್ಟಿದವರು ಯಾರು ಅಂತ ಗಾಜಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವುದು ಮನುಷ್ಯರಿಗೆ. ಅಷ್ಟು ಹೊಳೆದದ್ದೇ ಅವಳಿಗೆ ಆ ಹಳದಿ ಪೊರೆಯ ವಾಸನೆ ಮೂಗಿಗೆ ಬಡಿದಂತಾಯಿತು. ಇಷ್ಟು ದಿನ ತಾನು ಹಲ್ಲಿಗಳನ್ನು ಬೈದುಕೊಂಡು ತಿರುಗಿದ್ದೆನಲ್ಲ ಅಂತ ನಾಚಿಕೆಯಾಯಿತು, ನಾಚಿಕೆಯ ಹಿಂದೆಯೇ ಮೈಯೆಲ್ಲ ಸಿಟ್ಟು ಏರಿತು. ಖಂಡೆಪ್ಪನಿಗೆ ಫೋನು ಮಾಡಿ ವಾಡೆಗೆ ಬಾ ಅಂದಳು.

ಇಂದುಬಾಯಿ ಎಂದಿನಂತೆ ಬಾ ಮಗಳೇ ಅಂತ ನಗುತ್ತಲೇ ಬಂದರು. ಪ್ರಜ್ಞಾ ನಿಂತಲ್ಲಿಂದಲೇ ಕೇಳಿದಳು.

"ಅವ್ವಾರ, ನಾ ಹ್ವಾದಮ್ಯಾಲೆ ಈ ವೈರ್ ಯಾರ್ ಬಿಚ್ಚತಾರ?"

"ನಾನ ಬಿಚ್ಚತೇನಿ, ಯಾಕ? ಒಂದ ಚೂರ ಗೋಮೂತ್ರ ಹಚ್ಚಿ ಒರಸಿ ಹೊಳ್ಳಿ ಹಂಗ ಹಾಕ್ತೇನಿ. ನೀನ ತೋರಿಸಿದ್ದೀಯಲ್ಲ. ದೇವರಮನಿ ಗ್ವಾಡಿಗಿ ಹತ್ತೇತಿ, ಏನ್ ಮಾಡೂದವ್ವ. ನಿನ್ನ ಮ್ಯಾಲೆ ನನಗೇನೂ ಸಿಟ್ಟಿಲ್ಲ."

ಮುಚ್ಚಿಡಬೇಕಾದ ಸಂಗತಿ ಅಂತ ಕೂಡ ಆ ತಾಯಿಗೆ ಅನ್ನಿಸಿರಲಿಲ್ಲ. ಅಡಿಗೆಮನೆಯ ಗುಟ್ಟು ಹೇಳುವಷ್ಟು ಸಲೀಸಾಗಿ ಹೇಳಿದರು. ಒದ್ದೆ ಇರುವತನಕ ಬೆಳಕು ಹೇಗೋ ದಾಟುತ್ತಿತ್ತು. ಒಣಗಿ ಉಪ್ಪು ಕಟ್ಟಿದ ಮೇಲೆ ಮುಗ್ಗರಿಸುತ್ತಿತ್ತು. ಅವಳು ಎಷ್ಟು ಸಲ ಶುಚಿ ಮಾಡಿದಳೋ ಅಷ್ಟು ಸಲ ಅದನ್ನು ಹೊಲಸು ಮಾಡಿ, ಅದಕ್ಕೇ ಶುದ್ಧಿ ಅಂತ ಹೆಸರಿಟ್ಟಿದ್ದರು.

ಬಂದು ನಿಂತ ಖಂಡೆಪ್ಪ ನೆಲ ನೋಡುತ್ತಿದ್ದ. ಪ್ರಜ್ಞಾ ಅವನ ಮುಖವನ್ನೇ ನೋಡಿದಾಗ ಮೆಲ್ಲಗೆ ಬಾಯಿಬಿಟ್ಟ. ನೀ ಬಂದರೆ ನನಗೆ ಒರೆಸುವ ಕೆಲಸ ಇಲ್ಲ ಅಂತ ಇಂದುಬಾಯಿ ಹಿಂದೊಮ್ಮೆ ಅವನಿಗೆ ಅಂದಿದ್ದರಂತೆ. ಅವನಿಗೆ ಅಂದಾಜಿತ್ತಂತೆ. ಹೇಳಿದರೆ ಅವಳ ಮನಸ್ಸಿಗೆ ನೋವಾದೀತು ಅಂತ ಸುಮ್ಮನಿದ್ದನಂತೆ. ತಾಲೂಕು ತನ್ನ ಪಾಲಿಗೆ ಬರುವಾಗ ಆ ಮರುಕ ಎಷ್ಟು ಅನುಕೂಲದ್ದಾಗಿತ್ತು ಎನ್ನುವುದನ್ನು ಮಾತ್ರ ಅವನು ಸೇರಿಸಲಿಲ್ಲ.

ಮರುದಿನ ಮುಂಜಾನೆ ಸಿದ್ದಾರೂಢ ಬಂದ. ವಿಷಯ ತಿಳಿದಾಗ ಅವನಿಗೆ ಆದದ್ದು ಸಂತೋಷ. ಕಂಪನಿಯ ಸಾಮಾನು ಕೆಟ್ಟಿರಲಿಲ್ಲವಲ್ಲ. ಚನ್ನಬಸಯ್ಯನವರು ಪಡಸಾಲೆಯಲ್ಲಿ ಕುರ್ಚಿ ಹಾಕಿಸಿದರು. ಸಿದ್ದಾರೂಢ ಕುರ್ಚಿಯ ತುದಿಯಲ್ಲಿ ಕೂತು, ಅದು ನಾಜೂಕಿನ ಗಾಜು, ಏನೂ ಹಚ್ಚಬಾರದು ಅಂತ ಇಂದುಬಾಯಿಗೆ ವಿನಯದಿಂದ ತಿಳಿಸಿದ. ಯಾಕೆ ಹಚ್ಚಿದಿರಿ ಅಂತ ಅವನು ಕೇಳಲಿಲ್ಲ. ಇಂದುಬಾಯಿ ಎಲ್ಲ ಕೇಳಿಸಿಕೊಂಡು ದೊಡ್ಡ ಮನಸ್ಸು ಮಾಡಿದರು.

"ಆತ್ ಬಿಡ್ರಿ. ಇನ್ನ ವೈರ್ ಮುಟ್ಟೂದಿಲ್ಲ. ಆಕಿ ಹ್ವಾದಮ್ಯಾಲೆ ಬರೇ ನೆಲ ಅಷ್ಟ ತೊಳಕೊಂತೇನಿ."

ಎಲ್ಲರಿಗೂ ಹಗುರಾಯಿತು. ಚನ್ನಬಸಯ್ಯನವರು ತಲೆ ಅಲ್ಲಾಡಿಸಿದರು. ಸಿದ್ದಾರೂಢ ಪ್ರಜ್ಞಾಳ ಕಡೆ ತಿರುಗಿ, ಮುಗಿಯಿತಲ್ಲ, ತುದಿಗೆ ಧೂಳು ಕೂತಿತ್ತು ಅಂತ ಕಾರಣ ಹಾಕಿ ದೂರು ಮುಗಿಸಿಬಿಡು, ತಾಲೂಕು ನಿನ್ನದೇ, ಇವತ್ತೇ ಆರ್ಡರ್ ಮಾಡಿಸುತ್ತೇನೆ ಅಂದ. ನಿನ್ನ ಕೈಗುಣ ಚೊಲೋ ಐತಿ ಅಂತ ಹೊಗಳಿಯೂ ಬಿಟ್ಟ.

ಅವಳಿಗೆ ಬೇಕಾಗಿದ್ದೆಲ್ಲ ಸಿಕ್ಕಿತ್ತು. ಧೂಳು ಅನ್ನುವ ಒಂದು ಮಾತಿಗೆ ತಾಲೂಕು ಸಿಗುತ್ತಿತ್ತು. ಆದರೆ ಅವಳು ಬಂದುಹೋದ ಮೇಲೆ ನೆಲ ತೊಳೆಯುವುದು ಆ ಪಡಸಾಲೆಯಲ್ಲಿ ಕೂತ ಒಬ್ಬರಿಗೂ ತಪ್ಪಾಗಿ ಕಾಣಲಿಲ್ಲ. ಲೈನಿಗೆ ತೊಂದರೆಯಾಗದಂತೆ ಅವಮಾನ ಮಾಡುವ ದಾರಿ ಸಿಕ್ಕಿತಲ್ಲ ಅಂತ ಅವರೆಲ್ಲ ಚಹಾ ಕುಡಿಯುತ್ತಿದ್ದರು. ಪ್ರಜ್ಞಾ ಸಿದ್ದಾರೂಢನ ಎದುರಿಗೆ ಬಂದು ನಿಂತಳು.

"ಧೂಳಾ ಅಂತ ನಾ ಬರಿಯೂದಿಲ್ರಿ ಸರ್. ದೂರು ಮುಗಸೂದಿದ್ರ ನೀವ ಮುಗಸ್ರಿ. ಯಾರ್ ಒರಸಿದ್ರು, ಏನ್ ಹಚ್ಚಿ ಒರಸಿದ್ರು, ಯಾಕ ಒರಸಿದ್ರು, ಎಲ್ಲಾ ಬರದು ಕೆಳಗ ನಿಮ್ಮ ಹೆಸರ ಹಾಕ್ರಿ."

ಸಿದ್ದಾರೂಢ ಕಪ್ಪು ಕೆಳಗಿಟ್ಟ. ಅದನ್ನು ಬರೆದರೆ ಆ ಮಾತು ಜಾತಿ ದೌರ್ಜನ್ಯದ ಕೇಸಾಗಿ ಪೊಲೀಸ್ ಠಾಣೆಯತನಕ ಹೋಗುತ್ತದೆ ಅನ್ನುವುದು ಅವನಿಗೂ ಗೊತ್ತಿತ್ತು, ಚನ್ನಬಸಯ್ಯನವರಿಗೂ ಗೊತ್ತಿತ್ತು. ಬರೆಯದೆ ಅವಳನ್ನು ವಿಜಯಪುರಕ್ಕೆ ಕಳಿಸಿದರೆ ಯಾಕೆ ಕಳಿಸಿದಿರಿ ಅಂತ ಅವಳು ಕೇಳದೆ ಬಿಡುವವಳಲ್ಲ. ಚನ್ನಬಸಯ್ಯನವರ ಮುಖ ಕೆಂಪೇರಿತು. ಊರಿಗೆ ಉಪಕಾರವಾಗಲಿ ಅಂತ ಜಾಗ ಕೊಟ್ಟದ್ದೇ ತಪ್ಪಾಯಿತು, ಅಷ್ಟು ಕಷ್ಟವಾದರೆ ನಿಮ್ಮ ಪೆಟ್ಟಿಗೆ ಎತ್ತಿಕೊಂಡು ಹೋಗಿ ಅಂದರು. ಯಾರೂ ಎತ್ತುವುದಿಲ್ಲ ಅನ್ನುವ ಧೈರ್ಯದಲ್ಲಿ ಆಡಿದ ಮಾತು ಅದು. ಪ್ರಜ್ಞಾ ಚೀಲದಿಂದ ಸ್ಕ್ರೂಡ್ರೈವರ್ ತೆಗೆದಳು.

ಎಲ್ಲಿ ಇಡುತ್ತೀ ಅಂತ ಸಿದ್ದಾರೂಢ ಗಾಬರಿಯಾಗಿ ಕೇಳಿದ. ದಲಿತ ಕೇರಿಯ ಸಮುದಾಯ ಭವನದಲ್ಲಿ ಅಂದಳು. ಅಲ್ಲಿ ಕರೆಂಟಿದೆ, ಕಬ್ಬಿಣದ ಬಾಗಿಲಿದೆ, ಕೇಬಲ್ಲಿನ ಕಂಬ ಅದರ ಮುಂದೆಯೇ ನಿಂತಿದೆ. ಮೊದಲು ಜಾಗ ನೋಡುವಾಗಲೇ ಆ ಭವನ ಸಿಕ್ಕಿತ್ತು, ಅನುಕೂಲವಿಲ್ಲ ಅಂತ ಬಿಟ್ಟಿದ್ದರು. ಏನು ಅನುಕೂಲವಿಲ್ಲ ಅಂತ ಯಾರೂ ಕೇಳಿರಲಿಲ್ಲ. ಸಿದ್ದಾರೂಢ, ಅಲ್ಲಿಗೆ ನಮ್ಮವರು ಯಾರು ಹೋಗುತ್ತಾರೆ ಅಂತ ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದ. ಅವಳು ತಿರುಗಿ ನೋಡಿದ್ದೇ ಸಾಕಾಗಿತ್ತು. ಆಮೇಲೆ ಅವನು ಫೋನು ಹಿಡಿದು ಅಂಗಳಕ್ಕೆ ಹೋಗಿ ಯಾರಿಗೋ ತಗ್ಗಿದ ದನಿಯಲ್ಲಿ ತಿಳಿಸಿ, ಬಂದು, ಇಡು, ತಾಲೂಕೂ ನೀನೇ ನೋಡಿಕೋ ಅಂತಷ್ಟೇ ಅಂದ.

ಅವಳು ವೈರು ಬಿಚ್ಚಿದಳು. ಹಸಿರು ದೀಪಗಳು ಆರಿದವು. ಮೈಬೂಬ ಫೋನು ಮಾಡಿದಾಗ, ಇವತ್ತು ಒಂದಷ್ಟು ಹೊತ್ತು ತಡಕೋರಿ, ಇದು ಕಡೀ ಸಲ ಅಂದಳು. ಖಂಡೆಪ್ಪ ತಾನಾಗಿ ಬಂದು ಏಣಿ ಹಿಡಿದುಕೊಂಡ. ಅವಳು ಅವನ ಕಡೆ ನೋಡದೆ ಹತ್ತಿದಳು.

ಇಂದುಬಾಯಿ ಇಷ್ಟು ಹೊತ್ತು ಬಾಗಿಲ ಬಳಿ ನಿಂತಿದ್ದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ನಟನೆಯಲ್ಲ ಅದು, ಅದೇ ಕಷ್ಟ.

"ನಾ ನಿನಗ ಏನ್ ಕಡಿಮಿ ಮಾಡಿದ್ನೆವ್ವ? ಮಗಳಂಗ ನೋಡಿದ್ನಿ."

"ಮಗಳು ಹ್ವಾದಮ್ಯಾಲೆ ಮನಿ ತೊಳಿತಾರೇನ್ರಿ ಅವ್ವಾರ?"

ಇಂದುಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಆ ಮಾತು ಅವರಿಗೆ ತಾಗಿತು ಅಂತ ಪ್ರಜ್ಞಾಳಿಗೆ ಅನ್ನಿಸಿತು. ಪೆಟ್ಟಿಗೆ ಗೋಡೆಯಿಂದ ಕಳಚಿತು. ಒಂದು ಕಡೆ ಅವಳು, ಇನ್ನೊಂದು ಕಡೆ ಖಂಡೆಪ್ಪ ಹಿಡಿದು ಪಡಸಾಲೆ ದಾಟಿದರು. ಅಂಗಳಕ್ಕೆ ಇಳಿಯುವಷ್ಟರಲ್ಲಿ ಹಿಂದಿನಿಂದ ಕೊಡದ ನೀರು ನೆಲಕ್ಕೆ ಸುರುವಿದ ಸಪ್ಪಳ ಕೇಳಿಸಿತು, ಅದರ ಹಿಂದೆ ಕಸಬರಿಗೆಯ ಸಪ್ಪಳ.

ಪ್ರಜ್ಞಾ ಪೆಟ್ಟಿಗೆಯ ಭಾರವನ್ನೆಲ್ಲ ಖಂಡೆಪ್ಪನ ಕೈಗೆ ಬಿಟ್ಟು ತಿರುಗಿ ನಡೆದಳು. ಒದ್ದೆ ನೆಲದ ಮೇಲೆ ಕಾಲಿಟ್ಟು ಪಡಸಾಲೆಯ ನಟ್ಟನಡುವೆ ನಿಂತಳು. ಕಸಬರಿಗೆ ಹಿಡಿದ ಇಂದುಬಾಯಿ ಬಗ್ಗಿದಲ್ಲಿಯೇ ತಲೆ ಎತ್ತಿದರು. ಚನ್ನಬಸಯ್ಯನವರು ಕುರ್ಚಿಯಿಂದ ಅರ್ಧ ಎದ್ದಿದ್ದರು.

"ನಿಮ್ಮ ಮನಿ ನೆಟ್ಟೂ ಬಂದ್ ಆಗೇತ್ರಿ. ಇನ್ನ ಕೇರಿಯಿಂದ ವೈರ್ ಎಳದು ಜೋಡಸಬೇಕು. ಈ ತಾಲೂಕ ಈಗ ನಂದು, ಖಂಡೆಪ್ಪನ್ನ ಕಳಸೂದಿಲ್ಲ. ಜೋಡಸಾಕೂ ನಾನ ಬರ್ತೇನಿ, ಕೆಟ್ಟಾಗೆಲ್ಲಾ ನಾನ ಬರ್ತೇನಿ. ಕೊಡ ತುಂಬಿಸಿ ಇಟ್ಟಿರ್ರಿ."